ಸಿಂಕಿನ ತೂತಿನಲ್ಲಿ ಕಂಡ ಮುಖ

ಇಪ್ಪತ್ತೆಂಟು ವರ್ಷಗಳಲ್ಲಿ ದಾಸಪ್ಪ ಕೂರಿಸಿದ ಸಿಂಕು ಒಂದೂ ಬಿದ್ದಿರಲಿಲ್ಲ. ಹನುಮಂತನಗರದಿಂದ ವೈಯಾಲಿಕಾವಲ್‌ವರೆಗೆ, ಅಡುಗೆಮನೆ ಹೊಸದು ಮಾಡಿಸಿಕೊಂಡವರು ಒಬ್ಬರಿಂದೊಬ್ಬರು ಅವನ ನಂಬರು ತೆಗೆದುಕೊಳ್ಳುತ್ತಿದ್ದರು. ಕಲ್ಲಿನ ಮೇಲೆ ಅಂಚು ಊರಿ ಕೂರುವ ಸಿಂಕನ್ನು ಯಾರು ಬೇಕಾದರೂ ಕೂರಿಸುತ್ತಾರೆ. ಈಗ ಎಲ್ಲರಿಗೂ ಬೇಕಾಗಿರುವುದು ಅಂಡರ್‌ಮೌಂಟ್, ಅಂದರೆ ಕಲ್ಲಿನ ಅಡಿಗೆ ಅಂಟಿಕೊಂಡು ತೂಗುವ ಸಿಂಕು. ಮೇಲೆ ಅಂಚೇ ಇರುವುದಿಲ್ಲ. ನೀರು, ಅನ್ನದಗುಳು ಎಲ್ಲ ಕಲ್ಲಿನ ಮೇಲಿಂದ ಸೀದಾ ಒಳಕ್ಕೆ ಜಾರುತ್ತವೆ. ನೋಡಲು ಚೆಂದ. ಆದರೆ ಅದರ ಭಾರವನ್ನೆಲ್ಲ ಹೊರುವುದು ಕಲ್ಲಿನ ತಳಕ್ಕೆ ಕೊರೆದು ಕೂರಿಸಿದ ನಾಲ್ಕಾರು ಬ್ರಾಕೆಟ್ಟು ಮತ್ತು ಸುತ್ತಲೂ ಎಳೆದ ಒಂದು ಗೆರೆ ಅಂಟು. ನೀರು ತುಂಬಿ, ಪಾತ್ರೆ ಹಾಕಿದರೆ ಐವತ್ತು ಕಿಲೋ ಮೀರುತ್ತದೆ. ಒಂದು ಬ್ರಾಕೆಟ್ಟು ಸಡಿಲವಾದರೂ ಒಂದು ದಿನ ಎಲ್ಲ ಕೆಳಗೆ.

ದಾಸಪ್ಪ ಈ ಕೆಲಸವನ್ನು ಒಬ್ಬನೇ ಮಾಡುತ್ತಿದ್ದ. ಸಿಂಕಿಗಾಗಿ ಕಲ್ಲಿನಲ್ಲಿ ಕತ್ತರಿಸಿದ ಕಿಂಡಿಯ ಮೇಲೆ ಅಡ್ಡಕ್ಕೊಂದು ಮರದ ತೊಲೆ ಇಟ್ಟು, ಸಿಂಕಿನ ನೀರು ಹೋಗುವ ತೂತಿನ ಮೂಲಕ ಒಂದು ಕಬ್ಬಿಣದ ಕಡ್ಡಿ ಇಳಿಸಿ, ತಿರುಪು ಬಿಗಿಯುತ್ತ ಸಿಂಕನ್ನು ಕೆಳಗಿನಿಂದ ಮೇಲಕ್ಕೆ ಎಳೆದುಕೊಳ್ಳುವನು. ಅದು ಕಲ್ಲಿಗೆ ಕಚ್ಚಿಕೊಂಡ ಮೇಲೆ ಅಡಿಯ ಕಪಾಟಿನೊಳಗೆ ಅಂಗಾತ ಮಲಗಿ ಬ್ರಾಕೆಟ್ಟುಗಳ ಎರಡು ರೆಕ್ಕೆಯ ಚಿಟ್ಟೆ ನಟ್ಟು ತಿರುಗಿಸುವನು. ಮುಖದಿಂದ ಒಂದು ಗೇಣು ಮೇಲೆ ಸ್ಟೀಲಿನ ತಳ, ಅದರ ನಡುವೆ ಅಂಗೈಯಗಲದ ದುಂಡನೆಯ ತೂತು. ಆ ತೂತಿನಲ್ಲಿ ಕಾಣುವ ಬೆಳಕೇ ಅವನಿಗೆ ದಿನದ ಬೆಳಕು.

ಚಾಮರಾಜಪೇಟೆಯ ವಿಶ್ವಾರಾಧ್ಯರ ಮನೆಗೆ ಅವನು ಹೋದದ್ದು ಮಾರ್ಚ್ ತಿಂಗಳ ಒಂದು ಬುಧವಾರ. ವಿಶ್ವಾರಾಧ್ಯರಿಗೆ ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ. ಹೆಂಡತಿ ಶರಣ್ಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವರು. ತಾಯಿ ಕಲ್ಯಾಣಮ್ಮ ಮಂಡಿಯ ಆಪರೇಷನ್ ಮಾಡಿಸಿಕೊಂಡು ಎರಡು ತಿಂಗಳಾಗಿತ್ತು. ನಾಲ್ಕು ಕಾಲಿನ ಊರುಗೋಲು ಇಲ್ಲದೆ ಎದ್ದು ನಿಲ್ಲಲಾರರು. ಮನೆ ಕೊಂಡು ಮೂರು ವರ್ಷವಾಗಿತ್ತಂತೆ. ಈಗ ಹಿತ್ತಿಲಿನ ಖಾಲಿ ಜಾಗವನ್ನೂ ಸೇರಿಸಿ ಅಡುಗೆಮನೆ ದೊಡ್ಡದು ಮಾಡಿದ್ದರು. ಕಪ್ಪು ಗ್ರಾನೈಟ್ ಆಗಲೇ ಕೂತಿತ್ತು.

"ಧೂಳು ಪೂಜೆ ರೂಮಿಗೆ ಹೋಗದಂಗೆ ನೋಡ್ಕೊಳ್ಳಿ ದಾಸಪ್ಪನವ್ರೇ. ಅತ್ತೆಗೆ ಕೆಮ್ಮು ಬರುತ್ತೆ," ಎಂದು ಹೇಳಿ ಶರಣ್ಯ ಕಾಲೇಜಿಗೆ ಹೊರಟರು.

ದಾಸಪ್ಪ ಅಡುಗೆಮನೆಯ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಡ್ಡ ಹಾಕಿ, ನಾಲ್ಕೂ ಕಡೆ ಟೇಪು ಅಂಟಿಸಿದ. ಕಲ್ಲಿನ ತಳ ಒರೆಸಿದ, ತಿನ್ನರ್ ಹಾಕಿ ಇನ್ನೊಮ್ಮೆ ಒರೆಸಿದ. ಕೊರೆದ ತೂತಿಗೆ ಎಪಾಕ್ಸಿ ಅಂಟು ತುಂಬಿ ಬೋಲ್ಟು ಕೂರಿಸಿದ. ಅಂಚಿಗೆ ಸಿಲಿಕೋನ್ ಅಂಟು ಎಳೆದು ಸಿಂಕನ್ನು ಮೇಲಕ್ಕೆ ಸೆಳೆದ. ಬ್ರಾಕೆಟ್ಟುಗಳು ಹಿಡಿದುಕೊಂಡ ಮೇಲೆ ಕಡ್ಡಿ ಬಿಚ್ಚಿ, ಕೊನೆಯ ಸುತ್ತು ಬಿಗಿಯಲು ಕಪಾಟಿನೊಳಗೆ ಹೋಗಿ ಮಲಗಿದ. ಹೊತ್ತು ಹನ್ನೊಂದರ ಹತ್ತಿರ.

ನಾಲ್ಕನೆಯ ಚಿಟ್ಟೆ ನಟ್ಟು ಬೆರಳಿನಿಂದ ಜಾರಿ ಟಿಣ್ಣೆಂದು ಎಲ್ಲೋ ಉರುಳಿತು. ಅವನು ಮಲಗಿದಲ್ಲೇ ಕೈಯಾಡಿಸಿದ. ಸಿಗಲಿಲ್ಲ. ಆಗ ಸಿಂಕಿನ ತೂತಿನ ಬೆಳಕಿಗೆ ಏನೋ ಅಡ್ಡ ಬಂತು.

"ಸಿಕ್ತಾ?" ಎಂದಿತು ಒಂದು ಹೆಣ್ಣು ದನಿ.

ದಾಸಪ್ಪ ತಲೆ ಎತ್ತಿ ನೋಡಿದ. ತೂತಿನ ತುಂಬ ಒಂದು ಮುಖ, ಹಿಂದಿನ ಬೆಳಕಿಗೆ ಕಪ್ಪಗೆ ಕಾಣುತ್ತಿತ್ತು. ಬಗ್ಗಿ ನೋಡುತ್ತಿದ್ದಳು. ಕೂದಲು ಎರಡೂ ಕಡೆ ಇಳಿಬಿದ್ದಿತ್ತು. ಮನೆಯವರಿಗೆ ಕೆಲಸದ ನಡುವೆ ಆತಂಕ ಹೆಚ್ಚು ಎಂಬುದು ಅವನಿಗೆ ಗೊತ್ತು. ಇಲ್ಲ ಎಂದರೆ ನೂರು ಪ್ರಶ್ನೆ ಕೇಳುತ್ತಾರೆ.

"ಸಿಕ್ತು ಅಮ್ಮಾ, ಸಿಕ್ತು," ಎಂದ.

ಮುಖ ಅಲ್ಲಾಡಲಿಲ್ಲ. ತಣ್ಣನೆಯ ಒಂದು ಹನಿ ಅವನ ತುಟಿಯ ಮೇಲೆ ಬಿತ್ತು. ಒರೆಸಿಕೊಂಡು ಮತ್ತೆ ನೋಡುವಷ್ಟರಲ್ಲಿ ತೂತಿನಲ್ಲಿ ಬರೀ ಬೆಳಕಿತ್ತು.

ಅವನು ಆಚೆ ಬಂದು ಎದ್ದು ನಿಂತ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಬಾಗಿಲಿನ ಪ್ಲಾಸ್ಟಿಕ್ ಹಾಳೆ, ಅದರ ನಾಲ್ಕೂ ಬದಿಯ ಟೇಪು ಹಾಗೇ ಇದ್ದವು. ಕಪ್ಪು ಕಲ್ಲಿನ ಮೇಲೆ, ಸಿಂಕಿನ ಕಿಂಡಿಯ ಅಂಚಿನಲ್ಲಿ, ಎರಡು ಅಂಗೈಗಳ ಒದ್ದೆ ಗುರುತು. ಬೆರಳುಗಳು ಕಿಂಡಿಯ ಒಳಕ್ಕೆ ಬಾಗಿದ್ದವು, ಬಿಗಿಯಾಗಿ ಹಿಡಿದುಕೊಂಡವರ ಹಾಗೆ. ನಲ್ಲಿಗೆ ಇನ್ನೂ ನೀರಿನ ಸಂಪರ್ಕವೇ ಕೊಟ್ಟಿರಲಿಲ್ಲ.

ಅವನು ಟೇಪು ಕಿತ್ತು ನಡುಮನೆಗೆ ಹೋದ. ಕಲ್ಯಾಣಮ್ಮ ಕುರ್ಚಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು.

"ಅಮ್ಮ, ನೀವು ಅಡುಗೆಮನೆಗೆ ಬಂದಿದ್ರಾ?"

"ನಾನೆಲ್ಲಪ್ಪ ಬರಲಿ? ಈ ಕಾಲಲ್ಲಿ ಬಚ್ಚಲಿಗೆ ಹೋದ್ರೆ ಸಾಕಾಗಿದೆ. ಯಾಕೆ, ಏನಾದ್ರೂ ಬೇಕಿತ್ತಾ?"

"ಇಲ್ಲ, ಸುಮ್ನೆ ಕೇಳ್ದೆ."

ನಟ್ಟು ಕಪಾಟಿನ ಮೂಲೆಯಲ್ಲಿ ಸಿಕ್ಕಿತು. ಅದನ್ನು ಬಿಗಿದು, ಸಿಂಕಿನ ಅಡಿಗೆ ಎರಡು ಮರದ ಆಸರೆ ಕೊಟ್ಟು, ಇಪ್ಪತ್ತನಾಲ್ಕು ಗಂಟೆ ಯಾರೂ ಮುಟ್ಟಬಾರದು ಎಂದು ಹೇಳಿ ಹೊರಟುಹೋದ. ಒದ್ದೆ ಗುರುತುಗಳನ್ನು ಒರೆಸಲು ಅವನಿಗೆ ಯಾಕೋ ಕೈ ಬರಲಿಲ್ಲ.

ಮರುದಿನ ಬೆಳಿಗ್ಗೆ ಶರಣ್ಯ ಫೋನ್ ಮಾಡಿದರು. "ದಾಸಪ್ಪನವ್ರೇ, ಸಿಂಕು ಬಿದ್ಬಿಟ್ಟಿದೆ."

ಅವನು ನಂಬಲಿಲ್ಲ. ಹೋಗಿ ನೋಡಿದರೆ ಸಿಂಕು ಕಪಾಟಿನೊಳಗೆ ಓರೆಯಾಗಿ ಕೂತಿತ್ತು. ಮರದ ಆಸರೆಗಳು ಎರಡೂ ನಡುವೆ ಮುರಿದಿದ್ದವು. ಬ್ರಾಕೆಟ್ಟುಗಳು ಕೆಳಕ್ಕೆ ಬಾಗಿದ್ದವು. ಸಿಲಿಕೋನ್ ಈಗ ತಾನೇ ಎಳೆದಂತೆ ಮೆತ್ತಗಿತ್ತು. ಬೆರಳಿಟ್ಟರೆ ಅಂಟಿಕೊಂಡು ಬಂತು. ಸಿಂಕಿನ ತಳದಲ್ಲಿ ನಾಲ್ಕು ಬೆರಳು ನೀರು ನಿಂತಿತ್ತು. ಅದರ ತೂತು ತೆರೆದೇ ಇತ್ತು, ಆದರೂ ನೀರು ಹೋಗಿರಲಿಲ್ಲ. ಅವನು ಬಗ್ಗಿ ನೋಡುತ್ತಿದ್ದ ಹಾಗೆಯೇ ಅದು ಗುಳುಗುಳು ಎಂದು ಇಳಿದುಹೋಯಿತು.

ವಿಶ್ವಾರಾಧ್ಯರು ಅಂಗಡಿಗೆ ಹೊರಟಿದ್ದವರು ನಿಂತು ನೋಡಿದರು. ಒರಟು ಮಾತಾಡುವ ಮನುಷ್ಯನಲ್ಲ. "ಗಮ್ಮು ಹಳೇದಿರ್ಬೇಕು ದಾಸಪ್ಪ. ಡೇಟ್ ನೋಡ್ಕೊಂಡು ತಗೋಬೇಕು. ಪರ್ವಾಗಿಲ್ಲ, ಇನ್ನೊಂದ್ಸಲ ಮಾಡಿ," ಎಂದರು. ಆ 'ಪರವಾಗಿಲ್ಲ' ದಾಸಪ್ಪನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಅವನು ಹೊಸ ಎಪಾಕ್ಸಿ ತಂದ, ಹೊಸ ಸಿಲಿಕೋನ್ ತಂದ. ನಾಲ್ಕರ ಬದಲು ಎಂಟು ಬ್ರಾಕೆಟ್ಟು ಹಾಕಿದ. ಅಡಿಗೆ ಮರದ ಆಸರೆ ಬಿಟ್ಟು ಕಬ್ಬಿಣದ ಕೋನದಲ್ಲಿ ಚೌಕಟ್ಟು ಮಾಡಿ ನಿಲ್ಲಿಸಿದ. ಅದರ ಮೇಲೆ ಆಳು ನಿಂತರೂ ತಡೆಯಬೇಕು.

ಅವನು ಮತ್ತೆ ಕಪಾಟಿನೊಳಗೆ ಮಲಗಿದ್ದಾಗ ಯಾರೋ ಅಳುವುದು ಕೇಳಿಸಿತು. ನಡುಮನೆಯಿಂದಲ್ಲ, ರಸ್ತೆಯಿಂದಲ್ಲ. ಕಲ್ಲಿಗೆ ಕಿವಿ ಹತ್ತಿರವಿದ್ದುದರಿಂದ ಅದು ಕಲ್ಲಿನೊಳಗಿಂದಲೇ ಬರುತ್ತಿದೆ ಅನ್ನಿಸಿತು. ಬಾಯಿಗೆ ಸೆರಗು ತುರುಕಿಕೊಂಡು ಅಳುವವರ ದನಿ. ತೂತಿನ ಬೆಳಕು ಕಪ್ಪಾಯಿತು. ಅವನು ಕಣ್ಣು ಮುಚ್ಚಿಕೊಂಡ. ಹನಿಗಳು ಅವನ ಹಣೆಯ ಮೇಲೆ, ಕೆನ್ನೆಯ ಮೇಲೆ, ತುಟಿಯ ಮೇಲೆ ಒಂದೊಂದೇ ಬಿದ್ದವು. ನಿನ್ನೆಯ ಹನಿ ಸಪ್ಪೆ ನೀರಾಗಿತ್ತು. ಇವು ಉಪ್ಪಾಗಿದ್ದವು.

ಅವನ ಎದೆಯ ಮೇಲೆ ಕಬ್ಬಿಣದ ಚೌಕಟ್ಟು ಕಿರುಗುಟ್ಟಿತು. ಖಾಲಿ ಸಿಂಕಿನೊಳಗೆ ಯಾರೋ ಮೈಭಾರವನ್ನೆಲ್ಲ ಹಾಕಿ ಬಾಗಿದ್ದರು. ತೆವಳಿಕೊಂಡು ಆಚೆ ಬರುವಾಗ ಅವನ ಮೊಣಕೈ ತರಚಿತು. ಮೇಲೆ ಯಾರೂ ಇರಲಿಲ್ಲ. ಅವನು ಹತೋಡಿ, ಡ್ರಿಲ್ಲು ಎಲ್ಲ ಅಲ್ಲೇ ಬಿಟ್ಟು ಹೊರಟ.

ಮರುದಿನ ಫೋನ್ ಬರುವ ಮೊದಲೇ ಅವನು ಹೋದ. ಸಿಂಕು ಕೆಳಗಿತ್ತು. ಚೌಕಟ್ಟಿನ ಕಾಲುಗಳ ಕೆಳಗೆ ಹೊಸ ಟೈಲ್ಸು ನಾಲ್ಕು ಕಡೆ ಒಡೆದಿತ್ತು.

ಶರಣ್ಯ ಅಂದು ರಜೆ ಹಾಕಿದ್ದರು. ಕೈಕಟ್ಟಿ ನಿಂತು ಒಡೆದ ಟೈಲ್ಸನ್ನು ನೋಡುತ್ತಿದ್ದರು. "ರಾತ್ರಿ ಏನೂ ಶಬ್ದ ಬರ್ಲಿಲ್ಲ. ಬೆಳಿಗ್ಗೆ ಕಾಫಿಗೆ ಅಂತ ಬಂದು ಲೈಟ್ ಹಾಕ್ದಾಗ್ಲೂ ಸರಿಯಾಗೇ ಇತ್ತು. ಹಾಲು ತರೋಕೆ ಹೋಗಿ ಬರೋಷ್ಟ್ರಲ್ಲಿ ಬಿದ್ದಿತ್ತು," ಎಂದರು. ಆಮೇಲೆ, "ನಿನ್ನೆ ಮಧ್ಯಾಹ್ನ ಅತ್ತೆ ಫೋನ್ ಮಾಡಿದ್ರು. ಕೆಲಸದವ್ರು ಯಾರಾದ್ರೂ ಹೆಂಗಸ್ರು ಬಂದಿದಾರಾ, ಅಳ್ತಿದಾರಲ್ಲ ಅಂತ ಕೇಳಿದ್ರು," ಎಂದರು.

ದಾಸಪ್ಪ ಹಿಂಬಾಗಿಲಿನ ಮೆಟ್ಟಿಲ ಮೇಲೆ ಹೋಗಿ ಕೂತ. ಹಿತ್ತಿಲಲ್ಲಿ ಉಳಿದಿದ್ದುದು ನಾಲ್ಕಡಿ ಜಾಗ, ಆಮೇಲೆ ಕಾಂಪೌಂಡು. ಅದರಾಚೆ ಒಂದು ಹಳೆಯ ಹೆಂಚಿನ ಮನೆ. ಗೋಡೆಯ ಮೇಲಿಂದ ಒಬ್ಬ ಮುದುಕಿ ಇಣುಕಿದರು. ಭಾಗೀರಥಮ್ಮ, ಎಂಬತ್ತು ದಾಟಿದವರು. ಮೂರು ದಿನದಿಂದ ಬಟ್ಟೆ ಒಣಹಾಕುವ ನೆಪದಲ್ಲಿ ಈ ಕಡೆಯನ್ನೇ ನೋಡುತ್ತಿದ್ದರು.

"ಏನಪ್ಪ, ದಿನಾ ಬರ್ತಿದೀಯ. ಇನ್ನೂ ಮುಗೀಲಿಲ್ವಾ?"

"ನಿಲ್ತಿಲ್ಲ ಅಮ್ಮ. ಎರಡು ಸಲ ಬಿತ್ತು."

"ಹೆಂಗೆ ನಿಲ್ಲುತ್ತೆ? ಬಾವಿ ಮೇಲೆ ಅಡುಗೆಮನೆ ಕಟ್ಟವ್ರೆ."

ದಾಸಪ್ಪ ಎದ್ದು ಗೋಡೆಯ ಹತ್ತಿರ ಹೋದ. ಭಾಗೀರಥಮ್ಮ ದನಿ ತಗ್ಗಿಸಿದರು.

"ನಾನು ಮದ್ವೆಯಾಗಿ ಈ ಮನೆಗೆ ಬಂದ ವರ್ಷ. ಅರವತ್ತೆರಡೋ ಅರವತ್ಮೂರೋ. ಆ ಮನೇಲಿ ಸುಬ್ಬಮ್ಮ ಅಂತ ಇದ್ರು. ಗಂಡಂದು ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ. ಒಂದೇ ಮಗು, ನಂಜಿ ಅಂತ, ನಾಲ್ಕು ವರ್ಷದ್ದು. ಒಂದಿನ ಬೆಳಿಗ್ಗೆ ಹನ್ನೊಂದು ಗಂಟೇಲಿ ಹಿತ್ಲಲ್ಲಿ ಆಡ್ತಿದ್ದ ಮಗು ಕಾಣ್ಲಿಲ್ಲ. ಇಡೀ ಪೇಟೆ ಹುಡುಕಿದ್ರು. ಬಾವಿಗಿಳಿಯೋನ್ನ ಕರೆಸಿದ್ರು. ಮೂರು ದಿನ ಮುಳುಗಿ ಮುಳುಗಿ ಎದ್ದ. ಆಯಮ್ಮ ಬಾವಿಕಟ್ಟೆ ಹಿಡ್ಕೊಂಡು ಬಗ್ಗಿ ನಿಂತಿರೋರು. ಅವನು ತಲೆ ಮೇಲೆತ್ತಿದ ತಕ್ಷಣ, ಸಿಕ್ತಾ ಅಂತ ಕೇಳೋರು."

ದಾಸಪ್ಪ ಇನ್ನಷ್ಟು ಹತ್ತಿರ ಸರಿದ. "ಅವನೇನಂತಿದ್ದ?"

"ಇಲ್ಲಮ್ಮ ಅಂತಿದ್ದ. ಅವನು ಇಲ್ಲ ಅಂದಾಗೆಲ್ಲ ಆಯಮ್ಮನ ಮುಖ ನೋಡ್ಬೇಕಿತ್ತು. ದೀಪ ಹಚ್ಚಿದಂಗಾಗೋದು. ಬಾವೀಲಿಲ್ಲ ಅಂದ್ರೆ ಎಲ್ಲೋ ಬದುಕಿದೆ ಅಂತ ತಾನೇ? ಯಾರೋ ಎತ್ಕೊಂಡು ಹೋಗಿ ಸಾಕ್ಕೊಂಡಿದಾರೆ ಅಂತ ಅಂದ್ಕೊಂಡ್ರು. ಆಮೇಲೆ ಮೂವತ್ತು ವರ್ಷ, ದಿನಾ ಹನ್ನೊಂದು ಗಂಟೆಗೆ ಬಾವಿಗೆ ಬಗ್ಗಿ, ಸಿಕ್ತಾ ಅಂತ ಕೇಳೋರು. ಒಳಗೆ ಯಾರಿದಾರೆ ಉತ್ತರ ಕೊಡೋಕೆ? ಅಷ್ಟು ಕೇಳ್ಕೊಂಡು, ನಗ್ತಾ ಒಳಗೆ ಹೋಗಿ ಅಡುಗೆ ಮಾಡೋರು. ಅವ್ರು ಹೋದ್ಮೇಲೇ ಬಾವಿ ಮುಚ್ಚಿದ್ದು. ಹೆದರಿಸೋರಲ್ಲ ಬಿಡು. ಅವತ್ತು ಆ ಬಾವಿಯೋನು ಸಿಕ್ತು ಅಂದಿದ್ರೆ ಮಾತ್ರ ಅಲ್ಲೇ ಹಾರ್ಕೊಂಬಿಡೋರು."

ದಾಸಪ್ಪ ಗೋಡೆಗೆ ಒರಗಿದ. "ಅಮ್ಮ, ನಾನಂದೆ."

"ಏನಂದೆ?"

"ಸಿಕ್ತು ಅಂದೆ. ಬುಧವಾರ. ನಟ್ಟು ಬಿದ್ದಿತ್ತು. ಮನೆಯವ್ರು ಕೇಳ್ತಿದಾರೆ ಅಂದ್ಕೊಂಡೆ."

ಭಾಗೀರಥಮ್ಮ ಬಟ್ಟೆ ಹಾಕುವುದನ್ನು ನಿಲ್ಲಿಸಿದರು. ಅವರ ಕೈಯಲ್ಲಿದ್ದ ಒದ್ದೆ ಟವೆಲ್ಲಿನಿಂದ ನೀರು ಗೋಡೆಯ ಮೇಲೆ ಇಳಿಯುತ್ತಿತ್ತು.

"ನಟ್ಟು ಸಿಕ್ಕಿತ್ತಾ ಆಗ?"

"ಇಲ್ಲ."

"ಮತ್ಯಾಕಪ್ಪ ಅಂದೆ? ನೋಡ್ದೆ ಯಾಕಂದೆ?"

ದಾಸಪ್ಪ ಗೋಡೆ ಬಿಟ್ಟು ಮನೆಯ ಕಡೆ ತಿರುಗಿದ.

ಒಳಗೆ ಬಂದು ಶರಣ್ಯರಿಗೆ ಎಲ್ಲವನ್ನೂ ಹೇಳಿದ. ಅವರು ನಗಲಿಲ್ಲ. ನಂಬಿದೆ ಎಂದೂ ಹೇಳಲಿಲ್ಲ. ಗಡಿಯಾರ ನೋಡಿದರು, ಹತ್ತೂಕಾಲು. "ಈಗೇನ್ಮಾಡ್ತೀರಾ?" ಎಂದು ಕೇಳಿದರು.

"ಮತ್ತೆ ಕೂರಿಸ್ತೀನಿ. ಬಂದ್ರೆ, ಸುಳ್ಳು ಹೇಳ್ದೆ ಅಂತ ಹೇಳ್ತೀನಿ."

"ಬೇಡ ಅನ್ನಿಸಿದ್ರೆ ಬಿಟ್ಬಿಡಿ. ಬೇರೆ ಸಿಂಕು ಹಾಕಿಸ್ತೀವಿ, ಮೇಲೆ ಕೂರೋದು."

"ಸಿಂಕಿನ ಮಾತಲ್ಲಮ್ಮ. ಆಯಮ್ಮನ್ನ ಅಳಿಸ್ದೋನು ನಾನು."

ಶರಣ್ಯ ಬಾಗಿಲ ಬಳಿ ಒಂದು ಸ್ಟೂಲು ಹಾಕಿಕೊಂಡು ಕೂತರು. ದಾಸಪ್ಪ ಸಿಂಕಿನ ಅಂಚನ್ನು ಕೆರೆದು ಒರೆಸಿದ. ಬಾಗಿದ ಬ್ರಾಕೆಟ್ಟು ಬಿಸಾಡಿ ಹೊಸದು ಹಾಕಿದ. ಸಿಲಿಕೋನ್ ಗೆರೆ ಎರಡು ಕಡೆ ವಕ್ರವಾಯಿತು. ಒರೆಸಿ ಮತ್ತೆ ಎಳೆದ. ಸಿಂಕು ಮೇಲೇರಿ ಕಲ್ಲಿಗೆ ಕಚ್ಚಿಕೊಂಡಿತು. ಅವನು ಕಡ್ಡಿ ಬಿಚ್ಚಿ, ಕಪಾಟಿನೊಳಗೆ ಜಾರಿ, ಅಂಗಾತ ಮಲಗಿ ಕಾದ.

ಮೊದಲು ವಾಸನೆ ಬಂತು. ಪಾಚಿಯ, ಹಳೆಯ ಹಗ್ಗದ ವಾಸನೆ. ಆಮೇಲೆ ಬೆಳಕು ಮುಚ್ಚಿತು, ನಿನ್ನೆಯ ಅಳು ಮತ್ತೆ ಕೇಳಿಸಿತು.

ಈ ಸಲ ಅವನು ಕಣ್ಣು ಮುಚ್ಚಲಿಲ್ಲ. "ತಾಯಿ, ನಾನು ಸುಳ್ಳು ಹೇಳ್ದೆ. ಸಿಗ್ಲಿಲ್ಲ. ನಾನು ಹುಡುಕೇ ಇರ್ಲಿಲ್ಲ," ಎಂದ. ತನ್ನ ದನಿ ತನಗೇ ದೂರದಿಂದ, ಸುತ್ತಲ ಗೋಡೆಗೆ ಬಡಿದು ಬಂದಂತೆ ಕೇಳಿತು.

ಅಳು ನಿಂತಿತು. ಮೇಲಿನಿಂದ, ಬಹಳ ಮೇಲಿನಿಂದ, ದನಿ ಬಂತು.

"ಹಂಗಾದ್ರೆ ಈಗ ನೋಡು."

ಅವನಿಗೆ ಅರ್ಥವಾಗಲಿಲ್ಲ.

"ಸರ್ಯಾಗಿ ನೋಡಿ ಹೇಳು."

ದಾಸಪ್ಪ ಎಡಗೈಯನ್ನು ಪಕ್ಕಕ್ಕೆ ಇಳಿಸಿದ. ಅಲ್ಲಿ ಟೈಲ್ಸ್ ಇರಬೇಕಿತ್ತು. ಇರಲಿಲ್ಲ. ಕೈ ತಣ್ಣನೆಯ ನೀರಿಗೆ ಇಳಿಯಿತು, ಮಣಿಕಟ್ಟು ಮುಳುಗಿತು, ಮೊಣಕೈ ಮುಳುಗಿತು. ಬೆನ್ನ ಕೆಳಗೆ ಗಟ್ಟಿ ನೆಲವಿತ್ತು. ಪಕ್ಕದಲ್ಲಿ ಮಾತ್ರ ತಳವೇ ಇರಲಿಲ್ಲ. ಕಿರುಚಿಕೊಂಡು ಆಚೆ ಬರಬಹುದಿತ್ತು. ಶರಣ್ಯ ನಾಲ್ಕು ಮಾರು ದೂರದಲ್ಲಿದ್ದರು. ಆದರೆ ನೋಡದೆ ಒಂದು ಮಾತು ಆಡಿ ಆಗಿತ್ತು. ಎರಡನೆಯ ಸಲ ಆಡುವುದು ಅವನಿಂದಾಗಲಿಲ್ಲ.

ಅವನು ಭುಜದವರೆಗೂ ಕೈ ಇಳಿಸಿ ತಡಕಿದ. ದುಂಡಾಗಿ ಕಟ್ಟಿದ ಕಲ್ಲು, ಅದರ ಮೇಲೆ ಜಾರುವ ಪಾಚಿ. ಒಂದು ಕೊಡದ ಕಂಠ. ಇನ್ನೂ ಪಕ್ಕಕ್ಕೆ ಸರಿಸಿದ. ಎರಡು ಕಲ್ಲುಗಳ ನಡುವೆ ಒಂದು ಸಂದಿ, ಅಂಗೈ ಅಡ್ಡ ಹಿಡಿದರೆ ಮಾತ್ರ ಹೋಗುವಷ್ಟು. ಮುಳುಗುವವನು ಆತುರದಲ್ಲಿ ಅದನ್ನು ದಾಟಿ ಹೋಗಿರಲು ಸಾಕು. ದಾಸಪ್ಪ ಇಡೀ ಜೀವನ ಕಲ್ಲಿನ ತಳವನ್ನು ಕಾಣದೆ ಬೆರಳಿನಿಂದಲೇ ಓದಿದವನು. ಅವನು ಕೈಯನ್ನು ಅಡ್ಡ ಮಾಡಿ ಒಳಗೆ ತೂರಿಸಿದ.

ಅಲ್ಲಿ ಒಂದು ಸಣ್ಣ ಕೈ ಅವನ ತೋರುಬೆರಳನ್ನು ಹಿಡಿದುಕೊಂಡಿತು.

ಐದೂ ಬೆರಳಿನಿಂದ ಹಿಡಿದುಕೊಂಡಿತು. ರಸ್ತೆ ದಾಟುವಾಗ ಮಕ್ಕಳು ಹಿಡಿಯುತ್ತವಲ್ಲ, ಹಾಗೆ. ತಣ್ಣಗಿತ್ತು, ಮೆತ್ತಗಿತ್ತು. ಎಳೆಯಲಿಲ್ಲ. ಸುಮ್ಮನೆ ಹಿಡಿದುಕೊಂಡಿತು, ಅಷ್ಟೆ.

"ಸಿಕ್ತಾ?"

ದಾಸಪ್ಪ ಸತ್ಯ ಹೇಳುತ್ತೇನೆ ಎಂದುಕೊಂಡೇ ಮಲಗಿದ್ದ. ಇಲ್ಲಿದೆ ತಾಯಿ, ಇಷ್ಟು ವರ್ಷ ಇಲ್ಲೇ ಇತ್ತು ಎಂದರೆ ತಾಯಿ ಮಗು ಒಂದಾಗುತ್ತವೋ, ಇಲ್ಲ ನಿನ್ನೆ ಕೇಳಿದ ಆ ಅಳು ಇನ್ನು ನಿಲ್ಲುವುದೇ ಇಲ್ಲವೋ? ಯಾರನ್ನು ಕೇಳಬೇಕು? ತೂತಿನ ಕಪ್ಪಿನಲ್ಲಿ ಎರಡು ಕಣ್ಣು ಮಾತ್ರ ಹೊಳೆಯುತ್ತಿದ್ದವು. ಅವುಗಳಲ್ಲಿದ್ದ ಹೆದರಿಕೆಯಂಥ ಹೆದರಿಕೆಯನ್ನು ಅವನು ಬದುಕಿದವರ ಕಣ್ಣಲ್ಲಿಯೂ ಕಂಡಿರಲಿಲ್ಲ.

"ಇಲ್ಲ ತಾಯಿ," ಎಂದ. "ಪೂರ್ತಿ ನೋಡ್ದೆ. ಇಲ್ಲಿ ಯಾರೂ ಇಲ್ಲ."

ಆಗ ಅವನಿಗೆ ಆ ಮುಖ ಮೊದಲ ಸಲ ಸರಿಯಾಗಿ ಕಂಡಿತು. ಮುದುಕಿಯಲ್ಲ. ಇಪ್ಪತ್ತೆರಡು ಇಪ್ಪತ್ತಮೂರರ ಹೆಂಗಸು, ಹಣೆಯ ಕುಂಕುಮ ಕಣ್ಣೀರಿಗೆ ಕದಡಿತ್ತು. ಅವಳು ನಕ್ಕಳು.

"ನಂಗೊತ್ತಿತ್ತು," ಎಂದಳು.

ತೂತಿನಲ್ಲಿ ಬೆಳಕು ಬಂತು. ನೀರೊಳಗಿನ ಹಿಡಿತ ಮಾತ್ರ ತಕ್ಷಣ ಬಿಡಲಿಲ್ಲ. ಅದೂ ಮಾತನ್ನು ಕೇಳಿಸಿಕೊಂಡಿತ್ತೇನೋ. ಸ್ವಲ್ಪ ಹೊತ್ತು ಹಿಡಿದೇ ಇತ್ತು. ಆಮೇಲೆ ಕಿರುಬೆರಳು ಬಿಟ್ಟಿತು, ಅದರ ಪಕ್ಕದ್ದು ಬಿಟ್ಟಿತು. ಕೊನೆಯ ಬೆರಳು ಬಿಟ್ಟಾಗ ದಾಸಪ್ಪನ ಅಂಗೈ ಒಣ ಟೈಲ್ಸಿನ ಮೇಲಿತ್ತು.

ಶರಣ್ಯ ಅವನ ಕಾಲು ಹಿಡಿದು ಅಲ್ಲಾಡಿಸುತ್ತಿದ್ದರು. ಆಚೆ ಬಂದಾಗ ಅವನ ಅಂಗಿಯ ಎಡತೋಳು ಭುಜದವರೆಗೂ ತೊಯ್ದು ನೀರು ಸುರಿಯುತ್ತಿತ್ತು. ಕಪಾಟಿನ ನೆಲ ಒಣಗಿತ್ತು.

"ನೀವು ಮಾತಾಡಿದ್ದು ಮಾತ್ರ ಕೇಳಿಸ್ತು," ಎಂದರು ಶರಣ್ಯ. "ಆದ್ರೆ ಕಲ್ಲಿನ ಮೇಲೆ ಕೈ ಗುರುತು ಮೂಡೋದನ್ನ ನೋಡ್ದೆ. ನೋಡ್ತಾ ನೋಡ್ತಾ ಆರಿಹೋಯ್ತು. ಏನು, ಹೋದ್ರಾ?"

"ಹೋದ್ರು."

"ಮಗು ಇರ್ಲಿಲ್ಲ ಅಲ್ವಾ?"

"ಇರ್ಲಿಲ್ಲ ಅಮ್ಮ," ಎಂದ ದಾಸಪ್ಪ.

ಅಂದು ಕೂರಿಸಿದ ಸಿಂಕು ನಿಂತಿತು. ಮರುದಿನ ಸಿಲಿಕೋನ್ ರಬ್ಬರಿನ ಹಾಗೆ ಗಟ್ಟಿಯಾಗಿತ್ತು. ಅವನು ಆಸರೆ ತೆಗೆದು, ತೂತಿಗೆ ಬಿರಟೆ ಹಾಕಿ, ಅಂಚಿನವರೆಗೆ ನೀರು ತುಂಬಿ ಒಂದು ಗಂಟೆ ಬಿಟ್ಟ. ಕೆಳಗಿನಿಂದ ಟಿಶ್ಯೂ ಕಾಗದ ಆಡಿಸಿದ. ಒಂದು ಚೂರೂ ಒದ್ದೆಯಾಗಲಿಲ್ಲ. ಒಡೆದ ಟೈಲ್ಸ್ ತೆಗೆದು ಹೊಸದು ಹಾಕಿಕೊಟ್ಟ. ವಿಶ್ವಾರಾಧ್ಯರು ಸಿಂಕಿನ ಅಂಚಿಗೆ ಕೈಯೂರಿ ಒತ್ತಿ ನೋಡಿ, "ನಾನ್ ಹೇಳ್ಲಿಲ್ವಾ, ಗಮ್ಮಿಂದೇ ಪ್ರಾಬ್ಲಮ್ಮು," ಎಂದರು. ದಾಸಪ್ಪ ಹೌದು ಎಂದ. ಭಾಗೀರಥಮ್ಮ ಗೋಡೆಯ ಮೇಲಿಂದ ಕರೆದದ್ದು ಕೇಳಿಸಿದರೂ ಕೇಳಿಸದವನಂತೆ ಮುಂಬಾಗಿಲಿನಿಂದ ಹೊರಟುಬಿಟ್ಟ.

ಆಮೇಲೆ ಅವನು ಸರಿಯಾಗಿ ಊಟ ಮಾಡಲಿಲ್ಲ. ಹೆಂಡತಿ ಕೇಳಿದರೆ ಬಿಸಿಲು ಎಂದ. ಬೇರೆ ಮನೆಗಳಲ್ಲಿ ಕೆಲಸ ಮಾಡುವಾಗ ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು ಒಂದೇ ಕೈಯಲ್ಲಿ ನಟ್ಟು ತಿರುಗಿಸುತ್ತಿದ್ದ.

ಮೂರು ವಾರ ಕಳೆದ ಮೇಲೆ ಶರಣ್ಯ ಫೋನ್ ಮಾಡಿದರು.

"ಸಿಂಕು ಚೆನ್ನಾಗಿದೆ, ಹೆದರ್ಬೇಡಿ," ಎಂದು ಅವರೇ ಮೊದಲು ಹೇಳಿದರು. "ನಂಗೆ ರಜಾ ಇರೋ ದಿನ ಹನ್ನೊಂದು ಗಂಟೆಗೆ ಕಲ್ಲು ಒಂಚೂರು ಒದ್ದೆ ಆಗುತ್ತೆ. ಆಮೇಲೆ ಯಾರೋ ಗುನುಗ್ಕೊಂಡು ಹೋದಂಗೆ ಕೇಳ್ಸುತ್ತೆ. ಅತ್ತೆ ಏನಂತಾರೆ ಗೊತ್ತಾ? ಪಾಪ, ಬಂದು ಹೋಗ್ಲಿ ಬಿಡು, ನಮಗೇನು ಅಂತಾರೆ. ನಂಗೂ ಅಭ್ಯಾಸ ಆಗ್ತಿದೆ." ಆಮೇಲೆ ಮಾತು ಬದಲಿಸಿದರು. "ಒಂದೇ ಒಂದು ಕೇಳ್ಬೇಕಿತ್ತು. ಪಾತ್ರೆ ತೊಳೀವಾಗ ಕೆಳಗಡೆಯಿಂದ ಯಾರೋ ಬೆರಳಲ್ಲಿ ಮೆತ್ತಗೆ ತಟ್ಟಿದಂಗೆ ಶಬ್ದ ಬರುತ್ತೆ. ನಾನು ನಿಲ್ಸಿದ್ರೆ ಅದೂ ನಿಲ್ಲುತ್ತೆ. ಪೈಪಿನ ಶಬ್ದಾನಾ ಅದು?"

"ಪೈಪು ಅಮ್ಮ," ಎಂದ ದಾಸಪ್ಪ. "ಹೊಸ ಪೈಪು. ಹಂಗೆ ಶಬ್ದ ಬರುತ್ತೆ."

ಮರುದಿನ ಬೆಳಿಗ್ಗೆ ಅವನು ಯಾರಿಗೂ ಹೇಳದೆ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋದ. ನದಿಯ ದಡದಲ್ಲಿ ಕ್ರಿಯೆ ಮಾಡಿಸುವ ಒಬ್ಬ ಪುರೋಹಿತರ ಮುಂದೆ ಕೂತ. ಅವರು ಹೆಸರು ಕೇಳಿದರು. ನಂಜಿ ಎಂದ. ವಯಸ್ಸು ಕೇಳಿದರು. ನಾಲ್ಕು ಎಂದ.

"ಅಷ್ಟು ಚಿಕ್ಕ ಮಕ್ಕಳಿಗೆ ಪಿಂಡ ಇಲ್ಲಪ್ಪ. ನೀರಿಗೆ ಹಾಲು ಬಿಟ್ಟು ಕೈ ಮುಗಿ. ಅಷ್ಟು ಸಾಕು. ಯಾವಾಗ ಹೋಯ್ತು ಮಗು?"

"ಅರವತ್ತು ವರ್ಷ ಆಯ್ತು ಸ್ವಾಮಿ."

ಪುರೋಹಿತರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ನಿನಗೇನಾಗ್ಬೇಕು? ಅಕ್ಕನಾ?"

ದಾಸಪ್ಪ ತಲೆಯಾಡಿಸಿದ. ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ಅವರು ಮತ್ತೆ ಕೇಳಲಿಲ್ಲ.

ಅವನು ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ಟನ್ನು ಹಲ್ಲಿನಿಂದ ಕಚ್ಚಿ ಹರಿದು ಮೊಣಕಾಲುದ್ದದ ನೀರಿಗಿಳಿದ. ಹಾಲು ಬಿಳಿಯ ದಾರದಂತೆ ಇಳಿದು, ಸೆಳವಿಗೆ ಸಿಕ್ಕಿ, ಎಳೆಎಳೆಯಾಗಿ ಬಿಚ್ಚಿಕೊಂಡು ಹೋಯಿತು. "ತಪ್ಪಾಯ್ತು ಮಗಾ," ಎಂದ. ಎಡಗೈಯನ್ನು ನೀರಿಗೆ ಇಳಿಸಿ ಬಹಳ ಹೊತ್ತು ಹಾಗೇ ನಿಂತ. ಮೀನುಗಳು ಬಂದು ಬೆರಳಿಗೆ ಮುತ್ತಿಟ್ಟು ಹೋದವು. ಬೇರೆ ಯಾರೂ ಬರಲಿಲ್ಲ.

ತಟ್ಟುವ ಸದ್ದು ನಿಂತಿತೇ ಎಂದು ಅವನು ಶರಣ್ಯರನ್ನು ಯಾವತ್ತೂ ಕೇಳಲಿಲ್ಲ. ಅವರೂ ಮತ್ತೆ ಫೋನ್ ಮಾಡಲಿಲ್ಲ.